ಸನದನ ಕೀಲಿ

ಟ್ರಿಪೋಲಿಯ ರೊಟ್ಟಿಯಂಗಡಿ ಸಾಲಿನಲ್ಲಿ ಮಕ್ಕಳ ಊಟಕ್ಕೆಂದು ನಿಂತಿದ್ದೆ. ಮುಂದಿದ್ದ ಹುಡುಗಿ ತನ್ನ ಜೊತೆಗಾರನಿಗೆ ಪಿಸುಗುಡುತ್ತಿದ್ದಳು.

“ಬಂದೂಕಿನವರು ನಮ್ಮ ಸನದನನ್ನ ಹಿಡ್ಕೊಂಡು ಹೋಗಿದಾರೆ, ಮಿಫ್ತಾಹ್ ಅಣ್ಣ, ಅವನ ಲ್ಯಾಪ್‌ಟಾಪೂ ಒಯ್ದಿದಾರೆ. ನಾವು ಬರೆಯೋ ಕೋಡ್ ಇಟ್ಟಿರೋ ಸರ್ವರ್ ತೆರೆಯೋ ಅವನ ಡಿಜಿಟಲ್ ಕೀಲಿ ಅದರಲ್ಲೇ ಇದೆ. ರದ್ದು ಮಾಡು.”

“ಮಾಡಿದ್ರೆ, ಸರ್ವರ್ ತೆರೀಲಿಲ್ಲ ಅಂತ ಅವನನ್ನೇ ಚಚ್ತಾರೆ.”

“ಮಾಡದಿದ್ರೆ? ಯಾರು ಏನು ಬರೆದ್ರು ಅಂತ ನಮ್ಮೆಲ್ಲರ ಹೆಸರೂ ಅಲ್ಲಿದೆ. ಮೊದಲು ಎಲ್ರಿಗೂ ಒಂದೇ ಪಾಸ್‌ವರ್ಡ್ ಸಾಕು ಅಂದೋನು ನೀನೇ ಅಲ್ವಾ?”

“ಹೌದಮ್ಮ. ಬೇಡ ಅಂತ ಜಗಳ ಆಡಿದ್ದು ಸನದ್. ಒಬ್ಬೊಬ್ಬರಿಗೂ ಬೇರೆ ಕೀಲಿ ಇರಲಿ, ಸಿಕ್ಕಿಬಿದ್ದೋನದನ್ನ ಮಾತ್ರ ಕಿತ್ತುಹಾಕಿ ಅಂದ.”

“ಯಾರು ಸಿಕ್ಕಿಬೀಳ್ತಾರೆ ಅಂದ್ಕೊಂಡಿದ್ನಂತೆ?”

“ನಾನು. ದಪ್ಪಗಿದೀಯ, ಓಡೋಕಾಗಲ್ಲ ಅಂತಿದ್ದ.”

ಅವನು ಫೋನಿನಲ್ಲಿ ಏನೋ ಒತ್ತಿ “ಆಯ್ತು, ಅವನ ಕೀಲಿ ರದ್ದಾಯ್ತು” ಅಂದ. ಸರದಿ ಬಂದಿದ್ದರೂ ಇಬ್ಬರೂ ರೊಟ್ಟಿ ಕೊಳ್ಳದೆ ಹೊರಟುಹೋದರು.