ತೋಪಿಗೆ ಗುದ್ದಲಿ ಇಳಿಸಿದ್ದು

ಅಂಗಲ್ಲ ಕಣ್ಲಾ ಮಾದೇವ, ಕುಡ್ಲು ತಕಂಡು ಮ್ಯಾಲ್ ಮ್ಯಾಲ ಸವರ್ಬುಟ್ರ ಅದು ಸತ್ತೋಯ್ತದಾ? ಇನ್ನೆರ್ಡು ಮಳೆ ಬೀಳ್ಲಿ, ಒಂದ್ ಕಡ್ಡಿ ಇದ್ದದ್ದು ಎಂಟ್ ಕಡ್ಡಿ ಆಗಿ ನಿನ್ನೇ ನೋಡಿ ನಗ್ತದ. ಬುಡು ಅದ, ಬಂದು ಜಗ್ಲಿ ಮ್ಯಾಲ ಕುಂತ್ಕ. ಗೌರೀ, ನೀನೂ ಬಾರವ್ವ. ಈ ಲಂಟಾನದ ಗಿಡ ಅದಲ್ಲ, ನಮ್ ಮನೇಲಿ ರೋಜದ ಪೊದೆ ಅಂತಿದ್ವಿ, ಪಾಲಾರ್ ಕಡೆ ತಮಿಳ್ನೋರು ಉಣ್ಣಿಚ್ಚೆಡಿ ಅಂತಾರ, ಯಾವ್ ಎಸ್ರಲ್ಲಿ ಕರೆದ್ರೂ ಅದೇ ನಾತ, ಅದೇ ಮುಳ್ಳು. ಇದ್ರ ಕೂಡ ನಾನು ಬಡ್ದಾಡಿದಷ್ಟು ನಿಮ್ ತಾತನ ಕೂಡ್ಲೂ ಬಡ್ದಾಡಿಲ್ಲ. ನಗ್ಬ್ಯಾಡಿ, ನಿಜಾನೇ ಯೋಳ್ತಿವ್ನಿ.

ನಾನು ಉಟ್ಟಿ ಬೆಳೆದದ್ದು ಅಗರದಲ್ಲಿ. ಎಳಂದೂರ್ ಸೀಮೆ, ಗದ್ದೆ ಬಯ್ಲು, ಮೈಸೂರು ಮಾರಾಜ್ರ ಕಡೆ. ಕೊಟ್ಟಿದ್ದು ಕೌದಳ್ಳಿ ತಾವ ಈ ಊರ್ಗ, ಆಗ ಇದು ಮದ್ರಾಸು ಸರ್ಕಾರ. ಗಾಡೀಲಿ ಬರ್ತಾ ನಮ್ಮವ್ವ ನನ್ನ ಬ್ಯಾರೆ ದೇಸಕ್ಕೇ ಅಟ್ತಾವ್ಳಲ್ಲ ಅಂತ ಅತ್ತದ್ದೇ ಅತ್ತದ್ದು. ಬಂದ್ ನೋಡುದ್ರ ಇಲ್ಲೂ ಅದೇ ರಾಗಿಮುದ್ದೆ, ಅದೇ ಮಾದಪ್ಪ. ನೆಲ ಮಾತ್ರ ಕೆಂಪು, ಗದ್ದೆ ಇಲ್ಲ, ಬರೀ ಒಲ. ಆ ದೊಡ್ಡ ಯುದ್ಧ ನಡೀತಿದ್ದ ಕಾಲ ಅದು. ಅಲ್ಲಲ್ಲ, ಯುದ್ಧ ಸುರುವಾದ್ದು ನಾನು ಬಂದ ಮ್ಯಾಲ, ಬಂದು ಒಂದ್ ರಾಗಿ ಕುಯ್ಲು ಆಗಿತ್ತು. ಆಮೇಲ ಸೀಮೆಎಣ್ಣೆ ಸಿಕ್ಕದೇ ಓಯ್ತು. ಕಾರ್ಡು ತಕಂಡು ಡಿಪೋ ಮುಂದ ಬಿಸ್ಲಲ್ಲಿ ನಿಂತ್ರ, ನಮ್ಮ ಸರದಿ ಬರೋವತ್ಗ ಡಬ್ಬ ಖಾಲಿ. ಆಗ ನಮ್ಮನೆ ದೀಪ ಉರಿದದ್ದು ಒಂಗೆ ಎಣ್ಣೇಲಿ ಕಣವ್ವ. ಒಂಗೆ ಬೀಜ ಆಯ್ದು, ಗಾಣಕ್ಕ ಕೊಟ್ಟು, ಆ ಎಣ್ಣೇಲೇ ರಾತ್ರಿ ಬಾಳಾಟ. ಆ ಒಂಗೆ ಇದ್ದದ್ದೆಲ್ಲಿ? ನಮ್ ತೋಪಲ್ಲಿ. ಊರಿಂದ ಪಡುವಲಕ್ಕ, ಅಳ್ಳದ ಮಗ್ಗುಲಲ್ಲಿ ನಾಕೆಕರೆ, ಸರ್ಕಾರದ ಕಾಡಲ್ಲ, ನಮ್ದೇ ಪಟ್ಟಾ ನೆಲ. ಒಂಗೆ, ಬೇವು, ಉಣ್ಸೆ, ಎಲ್ಲಾ ಕೈಗ ಅಪ್ಕಳಕ್ಕಾಗದಂಥ ಮರ. ಆದ್ರ ಮರ ನೋಡಕ್ಕ ತಲೆ ಎತ್ಬೇಕು, ನೆಲ ನೋಡಕ್ಕೇ ಆಯ್ತಿರ್ಲಿಲ್ಲ. ಉದ್ದಕ್ಕೂ ಲಂಟಾನ. ಒಂಗೆ ಬೀಜ ಉದುರಿ ಪೊದೆ ಒಳಗ ಬಿದ್ರ ಕೈ ಆಕೋರ್ಯಾರು? ಅಂಚಲ್ಲಿ ಬಿದ್ದದ್ನ ಮಾತ್ರ ಆಯ್ಕತಿದ್ವಿ, ಒಳಗಿಂದು ಮಣ್ ಪಾಲು.

ಇದ್ನ ತಂದು ನೆಟ್ಟೋರು ಯಾರು ಗೊತ್ತಾ? ನಮ್ ಮಾವ. ನಿಮ್ ತಾತನ ಅಪ್ಪ. ಅವ್ರು ಸಣ್ ವಯಸ್ನಲ್ಲಿ ಗಾಡಿ ಬಾಡ್ಗೆಗ ಓಗ್ತಿದ್ರಂತ. ಅಲ್ಲೆಲ್ಲೋ ಬೆಟ್ಟದ ಮ್ಯಾಲ ದೊರೆಗಳ ಬಂಗ್ಲೆ ಸುತ್ತ ಈ ಗಿಡದ ಬೇಲಿ ನೋಡವ್ರೆ. ಕೆಂಪು ಅಳದಿ ಊವು, ದನ ಬಾಯಾಕಲ್ಲ, ಆಡು ನುಗ್ಗಲ್ಲ. ನಮ್ ಕಡೆ ಬೇಲಿ ಅಂದ್ರ ಏನು, ವರ್ಸಾ ವರ್ಸಾ ಮುಳ್ ಕಡ್ದು ತಂದು ಒಡ್ಬೇಕು, ಮುಂದಿನ ಬೇಸ್ಗೆಗ ಗೆದ್ಲು ತಿಂದಿರ್ತದ. ಇವ್ರು ಅಲ್ಲಿಂದ ಒಂದೊರೆ ಕಡ್ಡಿ ಕಡ್ಕಂಡು ಬಂದು ತೋಪಿನ ಸುತ್ತ ನೆಟ್ರು. ಊರೋರೆಲ್ಲ ಬಂದು ನೋಡಿ, ಭೇಷ್ ಕಣಪ್ಪ, ಸಾಯೋಗಂಟ ಬೇಲಿ ಚಿಂತೆ ಇಲ್ಲ ಅಂದ್ರಂತ. ತಾವೂ ಎರಡೆರಡು ಕಡ್ಡಿ ತಕಂಡೋದ್ರಂತ. ಆ ಗಿಡದ ಕರೀ ಅಣ್ಗಳ್ನ ಅಕ್ಕಿಪಕ್ಕಿ ತಿಂದು, ಮರದ ಮ್ಯಾಲ ಕುಂತು ಇಕ್ಕೆ ಆಕಿ, ಒಂದೊಂದ್ ಮರದ ಬುಡಕ್ಕೂ ಬೀಜ ಬಿತ್ಬುಟ್ಟವೆ. ಬೇಲಿ ಅಂತ ನಿಲ್ಸಿದ್ದು ಒಳಗ ಬಂದು ಯಜಮಾನ ಆಗಿ ಕುಂತ್ಕತು. ಮಾವನ ಮುಂದ ಈ ಮಾತ ಯಾರೂ ಆಡಂಗಿಲ್ಲ. ಬೋ ಸ್ವಾಭಿಮಾನಿ ಮನ್ಸ. ಅವ್ರು ನಡುಮನೇಲಿ ಇದ್ರ ಸೊಸೆ ಆದೋಳು ಬಾಗ್ಲ ಮರೆಲಿ ನಿಂತು ಬಳೆ ಸದ್ದು ಮಾಡ್ಬೇಕು, ಅಷ್ಟೇಯ. ಎದುರು ನಿಂತು ಮಾತಾಡದಾ? ಶಿವ ಶಿವ.

ನಮ್ಮತ್ತೆ ಒಳ್ಳೇವ್ಳು. ಬಾಯಿ ಜೋರು, ಕೈ ಇನ್ನೂ ಜೋರು, ಆದ್ರ ನಂಗ ಒಂದಿನ ಅಸಿದು ಮಲ್ಗಕ್ಕ ಬುಡ್ಲಿಲ್ಲ. ನಾನು ಬಂದು ನಾಕೈದು ವರ್ಸಕ್ಕ ಜ್ವರ ಬಂದು ತೀರ್ಕಂಡ್ಳು. ನಮ್ ಜಾತೀಲಿ ಸುಡದಿಲ್ವಲ್ಲ, ಮಣ್ ಮಾಡದು. ಈ ಮನೆ ಇರೀಕ್ರೆಲ್ಲ ಮಲ್ಗಿರೋದು ಆ ತೋಪಲ್ಲೇ. ಅತ್ತೇನೂ ಅಲ್ಲೇ, ಒಂದು ಉಣ್ಸೆ ಮರದ ತಾವ, ಒಂದಷ್ಟು ಪೊದೆ ಸವರಿ ಜಾಗ ಮಾಡಿ, ಈಬೂತಿ ಪತ್ರೆ ಆಕಿ, ಕುಂಡ್ರಿಸಿ ಮಣ್ ಮಾಡಿದ್ವಿ. ಗುರ್ತಿಗ ಅವ್ಳು ರಾಗಿ ಬೀಸ್ತಿದ್ದ ಬೀಸೋ ಕಲ್ಲಿನ ಮ್ಯಾಲಿನ್ ಕಲ್ಲು ತಂದಿಟ್ವಿ. ಸವೆದೋಗಿತ್ತು ಅಂತ ಒಸ ಕಲ್ಲು ತಂದಿದ್ರು, ಅಳೇದು ಅಟ್ಟಿಲಿ ಬಿದ್ದಿತ್ತು. ಮಧ್ಯ ತೂತಿರ್ತದಲ್ಲ, ರಾಗಿ ಆಕೋದು, ಆ ಕಲ್ಲು. ವರ್ಸ ವರ್ಸ ಅವ್ಳು ತೀರ್ಕಂಡ ದಿನಕ್ಕ ಅಯ್ನೋರ ಕರ್ಕಂಡೋಗಿ ಪೂಜೆ ಮಾಡ್ಬೇಕು. ಮೊದುಲ್ನೇ ವರ್ಸ ದಾರಿ ಸವರ್ಕಂಡು ಓದ್ವಿ. ಎರಡ್ನೇ ವರ್ಸ ಅರ್ಧ ದಿನ ಮಚ್ಚು ಬೀಸಿದ್ರು. ಮೂರ್ನೇ ವರ್ಸ ಕಲ್ಲು ಸಿಕ್ಲಿಲ್ಲ, ಪೊದೆ ಅಂಚಲ್ಲೇ ನಿಂತು ಆ ದಿಕ್ಕಿಗ ಕೈ ಮುಗ್ದು ಬಂದ್ವಿ. ಯಾಕ ಅಂತೀರಾ, ತೋಪಲ್ಲಿ ಗುದ್ದಲಿ ಆಕಂಗಿರ್ಲಿಲ್ಲ. ಅದು ಈ ಮನೆ ಕಟ್ಲೆ. ಇರೀಕ್ರು ಮಲ್ಗಿರೋ ನೆಲ, ಮಣ್ ಮಾಡಕ್ಕ ಬುಟ್ರ ಇನ್ಯಾತಕ್ಕೂ ಅಗೀಬಾರ್ದು ಅಂತ. ಅದ್ಕೇಯ ಬರೀ ಮಚ್ಚು. ಕಡೀತಿದ್ರು, ಚಿಗುರ್ತಿತ್ತು. ಒಂದ್ಸಲ ಬೇಸ್ಗೇಲಿ ಬೆಂಕಿ ಇಟ್ರು, ಅದೊಂದು ಬುದ್ಧಿ! ಎರಡು ಒಂಗೆ ಮರ ಬೆಂದೋದೊ, ಬೀಜದ ಸಸಿಗಳೆಲ್ಲ ಬೂದಿ ಆದೊ, ಲಂಟಾನ ಮಾತ್ರ ಮುಂಗಾರು ಬಿದ್ದದ್ದೇ ತಡ ಉಂಡು ಮಲ್ಗಿ ಎದ್ದಂಗೆ ಎದ್ದು ಬಂತು.

ಆಮೇಲ ಮಾವಂಗ ಕೆಮ್ಮು ಇಡ್ಕತು. ಸೊರಗಿ ಸೊರಗಿ ಕಡ್ಡಿ ಆದ್ರು. ಕೊಳ್ಳೇಗಾಲದ ಆಸ್ಪತ್ರೆಗ ಕರ್ಕಂಡೋದ್ವಿ, ಅಲ್ಲಿ ಕೊಟ್ಟ ಬಾಟ್ಲಿ ಔಸ್ದ ಒಂದ್ ಗುಟುಕು ಕುಡ್ದು, ಇದ್ಕಿಂತ ನಿಮ್ಮವ್ವ ಮಾಡ್ತಿದ್ದ ಮೆಣಸ್ನ ಸಾರೇ ವಾಸಿ ಅಂತ ಮೂಲೇಲಿಟ್ರು. ಒಂದಿನ ನಿಮ್ ತಾತನ್ನ ಕೂಗಿ ಕುಂಡ್ರಿಸ್ಕಂಡು, ನಾನು ಓದ್ಮೇಲ ನಿಮ್ಮವ್ವನ ಪಕ್ಕದಲ್ಲೇ ಇಡು, ಬ್ಯಾರೆ ಎಲ್ಲೂ ಬ್ಯಾಡ, ಅವ್ಳ ಬುಟ್ಟು ನಂಗ ಇರಕ್ಕಾಗಕಿಲ್ಲ ಅಂದ್ರು. ಅಂಥ ಮಾತ ಆ ಮನ್ಸನ ಬಾಯಲ್ಲಿ ನಾನು ಕೇಳೇ ಇರ್ಲಿಲ್ಲ. ಬಾಗ್ಲ ಮರೆಲಿ ನಿಂತಿದ್ದೆ, ಅಳು ಬಂತು. ನಿಮ್ ತಾತ ಆಗ್ಲಿ ಕಣಪ್ಪ ಅಂದ್ಬುಟ್ರು. ಅವ್ರು ಅಂಗೇ, ಎಲ್ಲಕ್ಕೂ ಆಗ್ಲಿ ಕಣಪ್ಪ. ಮಾರನೆ ದಿನ ಮಚ್ಚು ತಕಂಡು ಓಗಿ ಸಂಜೆಗಂಟ ಉಡುಕವ್ರೆ, ಕೈ ಕಾಲೆಲ್ಲ ಮುಳ್ ಗೀರ್ಕಂಡು ಬಂದ್ರು. ಸಿಕ್ತಾ ಅಂದೆ. ಇಲ್ಲ, ಅಪ್ಪಂಗ ಯೋಳ್ಬ್ಯಾಡ ಅಂದ್ರು. ಆಮೇಲ ಮಾವ ದಿನಾ ಬೆಳಗ್ಗೆ ಕೇಳೋರು, ಜಾಗ ಸವರಿದ್ಯಾ? ಇವ್ರು, ಸವರ್ತಾ ಇವ್ನಿ ಕಣಪ್ಪ. ಯೋಳಿ, ಇಂಗೆ ಎಷ್ಟ್ ದಿನ ನಡೀತದ? ಅವ್ರು ಸತ್ತ್ರ ಎಲ್ಲೋ ಒಂದ್ಕಡೆ ಇಟ್ಟು, ಇದೇ ನಿಮ್ಮವ್ವನ ಪಕ್ಕ ಅಂತ ಎಣದ ಮುಂದ ಸುಳ್ ಯೋಳಾದಾ? ನಂಗ ಅನ್ನ ಸೇರ್ಲಿಲ್ಲ.

ಒಂದ್ ವಾರ ತಡ್ಕಂಡೆ. ಆಮೇಲ ಒಂದಿನ ಅಂಬ್ಲಿ ಬಟ್ಟಲು ತಕಂಡು ನಾನೇ ಮಾವನ ಮುಂದ ಓಗಿ ನಿಂತ್ಕಂಡೆ. ಸೆರಗು ತಲೆ ಮ್ಯಾಲ ಎಳ್ಕಂಡೆ. ಜಾಗ ಸಿಕ್ಕಿಲ್ಲ ಮಾವ, ಅತ್ತೆ ಕಲ್ಲು ಎಲ್ಲದ ಅಂತ ಯಾರ್ಗೂ ಗೊತ್ತಿಲ್ಲ, ಗುದ್ದಲಿ ಆಕಿ ಬೇರ್ ಸಮೇತ ಕೀಳ್ದೇ ಆ ಪೊದೆ ಓಗಕಿಲ್ಲ ಅಂದ್ಬುಟ್ಟೆ. ಮಾವ ನನ್ನ ಮೊಕ ನೋಡಿದ್ರು. ಮದ್ವೆ ಆಗಿ ಅಷ್ಟ್ ವರ್ಸಕ್ಕ ಮೊದುಲ್ನೇ ಸಲ ನೋಡಿದ್ರು ಅಂತ ಕಾಣ್ತದ. ಗಂಟ್ಲು ಎತ್ಲಿಲ್ಲ, ಮೆತ್ತಗೇ ಕೇಳಿದ್ರು: "ಇರೀಕ್ರ ನೆತ್ತಿ ಮ್ಯಾಲ ಗುದ್ದಲಿ ಆಕ್ತೀಯೇನವ್ವ?"

ನಂಗ ಎಲ್ಲಿತ್ತೋ ಧೈರ್ಯ, ಅಂದೆ: "ಆ ಗಿಡದ ಬೇರು ಆಗ್ಲೇ ಅತ್ತೆ ಮೈ ಮ್ಯಾಲ ಇಳ್ದದ ಮಾವ. ಅದು ಇಳೀಬೋದು, ನಮ್ ಗುದ್ದಲಿ ಇಳೀಬಾರ್ದಾ?"

ಬಟ್ಟಲು ಅಲ್ಲೇ ಇಟ್ಟು ಒಳಕ್ಕ ಓಡೋಗ್ಬುಟ್ಟೆ. ಅಂಬ್ಲಿ ಮುಟ್ಲಿಲ್ಲ ಅವ್ರು. ಎರಡು ದಿನ ಜಗ್ಲಿ ಮ್ಯಾಲ ಕುಂತು ತೋಪಿನ ಕಡೇನೇ ನೋಡ್ತಿದ್ರು. ನಿಮ್ ತಾತ ನನ್ನ ತಿಂದಾಕಂಗೆ ನೋಡೋರು, ಆದ್ರ ಬೈಲಿಲ್ಲ. ಮೂರ್ನೇ ದಿನ ಬೆಳಗ್ಗೆ ಮಾವ ಎದ್ದು ಈಬೂತಿ ಇಟ್ಕಂಡು, ಗಾಡಿ ಕಟ್ಟು, ಎರಡು ಗುದ್ದಲಿ ಒಂದು ಆರೆ ಆಕು, ನಾನೂ ಬತ್ತೀನಿ ಅಂದ್ರು.

ನಾವಿಬ್ರೇ ಆಯ್ತಿತ್ತಾ ನಾಕೆಕರೆ? ಮುಯ್ಯಾಳು ಕರೆದ್ವಿ. ಈಗ ನಿಮ್ಗ ಗೊತ್ತಿಲ್ಲ, ಇವತ್ತು ಅವ್ರು ನಮ್ ಕೆಲ್ಸಕ್ಕ ಬಂದ್ರ ನಾಳೆ ನಾವು ಅವ್ರ ಕೆಲ್ಸಕ್ಕ ಓಗೋದು. ಅವ್ರ ಬೇಲೀಲೂ ಅದೇ ಪೀಡೆ ಇತ್ತಲ್ಲ, ಕೀಳೋದು ಎಂಗೆ ಅಂತ ಕಲಿಯಕ್ಕ ಬಂದ್ರು. ಮೊದ್ಲು ಮಾವ ಮಣ್ಣು ಮುಟ್ಟಿ ಅಣೆಗ ಅಚ್ಕಂಡು, ತಪ್ಪಾದ್ರ ನಂದು, ಮಕ್ಳ ಮ್ಯಾಲ ಬರ್ಬ್ಯಾಡ ಅಂತ ಕೈ ಮುಗುದ್ರು. ಆಮೇಲ ಗಾಡಿ ಮ್ಯಾಲ ಕಂಬ್ಳಿ ಒದ್ಕಂಡು ಕುಂತು, ಆ ದೊಡ್ಡ ಉಣ್ಸೆ ಮರದ ಮೂಡ್ಗಡೆ ಅಂತ ಕೈ ತೋರುದ್ರು. ಕೆಲ್ಸ ಎಂಗೆ ಅಂದ್ರ, ಗಂಡಸ್ರು ಮ್ಯಾಲಿನ ಕಡ್ಡಿ ಮಚ್ಚಲ್ಲಿ ಸವರಿ ಮೊಣಕಾಲುದ್ದ ಬುಡೋರು, ಇಡ್ಕಳಕ್ಕ ಬೇಕಲ್ಲ. ಇನ್ನೊಬ್ಬ ಬುಡ ಕೆದ್ಕಿ ತಾಯಿಬೇರ್ಗ ಆರೆ ಕೊಟ್ಟು ಮೀಟೋನು. ನಾವು ಎಂಗಸ್ರು ಎಳ್ದು ರಾಶಿ ಆಕೋದು. ಮೊದುಲ್ನೇ ರಾಶಿ ತೋಪಿನ ಅಂಚಲ್ಲಿ ಅಸೀ ನೆಲದ ಮ್ಯಾಲ ಆಕ್ಬುಟ್ವಿ, ನಡುವ ಎರಡು ಬೇಸ್ಗೆ ಮಳೆ ಬಂತು, ಇಪ್ಪತ್ ದಿನಕ್ಕ ನೋಡುದ್ರ ಏನ್ ಯೋಳ್ಲಿ, ಕಿತ್ತ ಗಿಡವೇ ಬೇರ್ ಬುಟ್ಕಂಡು ಎದ್ದು ಕುಂತದ! ಬಂಡೆ ಮ್ಯಾಲ ತಲೆಕೆಳಗಾಗಿ ಬಿದ್ದಿದ್ದವು ಮಾತ್ರ ಒಣಗಿ ಸೌದೆ ಆಗಿದ್ದೊ. ಅದ್ನ ನೋಡಿ ನಾನೇ ಯೋಳ್ದೆ, ಎಲ್ಲಾನೂ ಬೇರ್ ಮ್ಯಾಲ ಮಾಡಿ ಬಂಡೆ ಮ್ಯಾಲ ನಿಲ್ಸಿ ಅಂತ. ಆವತ್ತಿಂದ ಅಂಗೇ ಮಾಡಿದ್ವಿ. ದನ ಅತ್ರಕ್ಕ ಬುಡಂಗಿಲ್ಲ, ಅಸಿವು ತಡೀದೇ ತಿಂದ ದನಕ್ಕ ಮೈ ಚರ್ಮ ಸುಲ್ದು ಕಣ್ ಅಳದಿ ಆಯ್ತದ, ಒಂದ್ ಎಮ್ಮೆ ಅಂಗೇ ಓಯ್ತು ನಮ್ ಪಕ್ಕದ್ಮನೇದು.

ಇನ್ನು ಅತ್ತೆ ಕಲ್ಲಿನ ಮಾತು. ಮಾವ ಮೂಡ್ಗಡೆ ಅಂದ್ರಲ್ಲ, ಮೊದುಲ್ನೇ ಐದ್ ದಿನ ಅಲ್ಲೇ ಕಿತ್ವಿ, ಕಲ್ಲಿಲ್ಲ.  ಅವ್ರ ಮೊಕ ನೋಡಕ್ಕಾಯ್ತಿರ್ಲಿಲ್ಲ, ಎಂಡ್ರು ಮಲ್ಗಿರೋ ಜಾಗ ನಂಗೇ ಮರ್ತೋಯ್ತಲ್ಲ ಅಂತ ಒಂದ್ಸಲ ನನ್ ಮುಂದೇನೇ ಅಂದ್ರು. ಮುಯ್ಯಾಳ್ಗಳು, ಸಾಕು ಬುಡವ್ವ, ಒಲ ಉಳೋದು ಕಾಯ್ತಾ ಅದ ಅನ್ನಕ್ಕ ಸುರು ಮಾಡಿದ್ರು. ಇನ್ನೊಂದಿನ ಅಂತ ನಾನು ಅವ್ರ ಎಂಡ್ರ ಕಾಲಿಡ್ಕಂಡೆ. ಆರ್ನೇ ದಿನ ನಿಮ್ ತಾತ, ಇನ್ನೊಂದು ಉಣ್ಸೆ ಮರ ಅದಲ್ಲ ಅಳ್ಳದ ಕಡೆ, ಅದ್ರ ತಾವ ಆರೆ ಮೀಟುದ್ರ ಠಣ್ ಅಂತು. ಇಪ್ಪತ್ ಮಾರು ಆಚೆ! ಅದೇ ಬೀಸೋ ಕಲ್ಲು. ಮಣ್ ಒರ್ಸಿ ನೋಡುದ್ರ, ಕಲ್ಲಿನ ತೂತದಲ್ಲ, ರಾಗಿ ಆಕೋ ತೂತು, ಅದ್ರೊಳಗಿಂದ ಲಂಟಾನದ ಬುಡ ಬಂದದ, ತೂತು ತುಂಬ್ಕಂಡು ತೋಳ್ ದಪ್ಪ. ಎಲ್ಲ ಕೆಲ್ಸ ಬುಟ್ಟು ನಿಂತ್ಕಂಡ್ರು. ಮಾವನ್ನ ಗಾಡಿಯಿಂದ ಇಳ್ಸಿ ಕರ್ಕಂಡ್ ಬಂದ್ವಿ. ಕಲ್ಲಿನ ಮುಂದ ಕುಕ್ಕುರ್ಗಾಲಲ್ಲಿ ಕುಂತ್ರು. ತುಂಬಾ ವತ್ತು ಕಲ್ಲ ಸವರ್ತಾ ಇದ್ದು, "ಎಂಥಾ ಬೇಲಿ ಆಕ್ಬುಟ್ಟೆ ಕಣೆ ನಿಂಗ" ಅಂದ್ರು. ಅಂದು ಮಗೀನಂಗ ಅತ್ರು. ನಾವೆಲ್ಲ ಅತ್ವಿ, ಮುಯ್ಯಾಳ್ಗಳೂ ಅತ್ರು.

ಆ ಗಿಡನ ಬ್ಯಾರೆ ಯಾರ್ಗೂ ಮುಟ್ಟಕ್ಕ ಬುಡ್ಲಿಲ್ಲ. ಗುದ್ದಲಿ ಇಸ್ಕಂಡ್ರು. ಯಾವ್ ಗುದ್ದಲಿ ತೋಪಿನೊಳಕ್ಕ ಬರ್ಬಾರ್ದು ಅಂತಿದ್ರೋ ಅದನ್ನೇ. ಒಂದೇಟು ಆಕೋರು, ಕೆಮ್ಮೋರು, ಇನ್ನೊಂದೇಟು. ಬುಡು ಅಪ್ಪ ನಾನು ಮಾಡ್ತೀನಿ ಅಂದ್ರು ನಿಮ್ ತಾತ. ತಂದೋನು ನಾನು, ಕೀಳೋನೂ ನಾನೇ ಅಂದ್ರು. ಮಧ್ಯಾನಕ್ಕ ಸುರು ಮಾಡಿದ್ದು, ವತ್ತು ಇಳ್ಯೋವತ್ಗ ಬೇರು ಈಚೆಗ ಬಂತು. ಕಲ್ಲ ತೊಳ್ದು, ಸೊಟ್ಟ ಕುಂತಿದ್ದದ್ದ ನೆಟ್ಗಿಟ್ಟು, ಪತ್ರೆ ಏರಿಸಿ ಬಂದ್ವಿ.

ಅಲ್ಗ ಮುಗೀತು ಅಂದ್ಕಂಡ್ರ ಅದೂ ತಪ್ಪು. ಕಿತ್ತದ್ದು ಒಂದ್ ಬೇಸ್ಗೆ, ಸಸಿ ಕಿತ್ತದ್ದು ಮೂರು ಮಳೆಗಾಲ. ಒಂದೊಂದು ಮಳೆ ಬಿದ್ ಮ್ಯಾಲೂ ಅಕ್ಕಿಪಕ್ಕಿ ಕುಂತ ಮರದಡಿ ಎಲ್ಲಾ ಪುಟ್ ಪುಟ್ಟ ಸಸಿ ಏಳವು, ಬೆರಳಲ್ಲೇ ಬತ್ತವೆ ಆಗ, ಬುಟ್ರ ಬರಕಿಲ್ಲ. ಅದ್ನ ಮಾಡ್ದೋರು ಮಾವನೇ. ಮನೇಲಿ ಮಲ್ಗಿದ್ ಮನ್ಸ ದಿನಾ ಗಾಡಿ ಕಟ್ಸಿ ತೋಪ್ಗ ಓಗೋರು, ಕುಂತ್ ಕುಂತಂಗೇ ಜರೀತಾ ಸಸಿ ಕೀಳೋರು. ಈ ಸೊಸೆ ನನ್ನ ಗುಂಡೀಗ ಕಳಿಸ್ತಾವ್ಳೆ ಅಂತ ನಗೋರು, ನನ್ ಎದುರ್ಗೇ ಅನ್ನೋರು. ಆಮೇಲಿಂದ ಬಾಗ್ಲ ಮರೆ ಇರ್ಲಿಲ್ಲ ನಂಗ. ಬಿದ್ ಒಂಗೆ ಬೀಜ ಎಲ್ಲಾ ಕೈಗ ಸಿಕ್ಕೋದು, ಎರಡು ಮನೇಗ ಆಗಿ ಮಿಗೋವಷ್ಟು ಎಣ್ಣೆ. ಮೂರ್ನೇ ಮಳೆಗಾಲ ಕಳ್ದು, ಅವರೆ ಊ ಬುಟ್ಟಿದ್ದ ಕಾಲದಲ್ಲಿ ಓದ್ರು ಅವ್ರು. ಬೀಸೋ ಕಲ್ಲಿನ ಮಗ್ಗುಲಲ್ಲಿ ಗುಂಡಿ ತೆಗುದ್ರು. ಮಣ್ಣು ಮೆತ್ತಗಿತ್ತು, ಒಂದ್ ಬೇರೂ ಅಡ್ಡ ಬರ್ಲಿಲ್ಲ. ನಿಮ್ ತಾತ ಮಣ್ ಆಕೋವಾಗ ನನ್ ಕಡೆ ತಿರುಗಿ ಒಂದ್ಸಲ ತಲೆ ಆಡ್ಸುದ್ರು, ಅವ್ರು ಅಂಗೇ ಅಲ್ವಾ. ದೊಡ್ಡೋರ ಮಾತ್ಗ ಎದುರಾಡ್ಬಾರ್ದು ನಿಜ ಕಣವ್ವ ಗೌರಿ. ಆದ್ರ ದೊಡ್ಡೋರಿಗ ಸುಳ್ಳು ಯೋಳಿ ಸಮಾಧಾನ ಮಾಡೋದು ಮರ್ವಾದಿ ಅಲ್ಲ, ಎದುರು ನಿಂತು ನಿಜ ಯೋಳಿ, ಅವ್ರ ಕೂಡ ಕುಂತು ಕಿತ್ತಾಕೋದೇ ಮರ್ವಾದಿ.