ಪ್ರೂಯಿಟ್ ಅಜ್ಜಿಯ ಬಾಗಿಲು

ಒಹಾಯೊದ ಆ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಾರ್ಮಾ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಊರಿನ ಪೊಲೀಸ್ ದಾಳಿ ತಂಡದ ಇಬ್ಬರು ಮಫ್ತಿಯಲ್ಲಿದ್ದರು: ತಂಡದ ನಾಯಕ ಡ್ವೈಟ್, ಮತ್ತು ಹೊಸ ಬಾಗಿಲೊಂದನ್ನು ಆನಿಸಿಕೊಂಡಿದ್ದ ಲೈಲ್.

“ಆ ಮನೆ ಕಡೆ ತಲೆ ಹಾಕ್ಬೇಡಿ ಅಂತ ಇಲಾಖೆ ವಕೀಲರು ಹೇಳಿಲ್ವೇನೋ?” ಡ್ವೈಟ್ ಕೇಳಿದ.

“ತಪ್ಪು ಮನೆಗೆ ನುಗ್ಗಿದ್ದು ನಾವು ತಾನೇ, ಸರ್?”

“ಖಾಲಿ ಶಾಲೇಲಿ ತರಬೇತಿ ಕೊಟ್ಟಿದ್ದೇ ಹಾಗಲ್ವಾ? ಒಂದೇ ಏಟಿಗೆ ಬಾಗಿಲು ಒಡೆದು ನುಗ್ಗಬೇಕು ಅಂತ.”

“ಅಲ್ಲಿ ಒಳಗಡೆ ರಟ್ಟಿನ ಗೊಂಬೆಗಳಿರ್ತಿದ್ವು. ಇಲ್ಲಿ ಪ್ರೂಯಿಟ್ ಅಜ್ಜಿ ಎರಡೂ ಕೈ ಮೇಲೆತ್ಕೊಂಡು, ‘ಒಲೆ ಆರಿಸ್ಲೇನಪ್ಪಾ?’ ಅಂತ ನನ್ನ ಅಪ್ಪಣೆ ಕೇಳಿದ್ರು, ಸರ್.”

ಡ್ವೈಟ್ ತಲೆ ತಗ್ಗಿಸಿದ. ನಾರ್ಮಾ ಬೇರೆಡೆ ನೋಡಿದಳು.

“ನಾನೂ ಬರ್ತೀನಿ,” ಎಂದ ಡ್ವೈಟ್. “ಮಾತು ಮಾತ್ರ ನೀನೇ ಆಡು ಮಾರಾಯ. ಅವರ ಮುಖ ನೋಡೋಕೆ ನನ್ನ ಕೈಲಾಗಲ್ಲ.”

ಹಣ ಕೊಟ್ಟು, ಇಬ್ಬರೂ ಬಾಗಿಲಿನ ಒಂದೊಂದು ತುದಿ ಹಿಡಿದು ಹೊರನಡೆದರು.