ನೀಲಾಳ ಬೈಗುಳ

ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕದಲ್ಲೇ ರೈತನೊಬ್ಬ ಮಗಳ ಬಾಸ್ಕೆಟ್‌ಬಾಲ್ ಟೀಚರನ್ನು ಮಾತಾಡಿಸುತ್ತಿದ್ದ.

“ನಮ್ಮ ನೀಲಾ ಮತ್ತ ರೆಫ್ರಿ ಜೋಡಿ ಜಗಳಾ ತಗದ್ಲಂತಲ್ರಿ? ಟೀಮಿನಿಂದ ತಗೀತೀರೇನ್ರಿ?”

“ತಗಿಯೂಣು ಅಂದ್ರ ಟೀಮಿನ ದೊಡ್ಡ ಆಟಗಾರ್ತಿ ಸವಿತಾನ ಬಿಡವಲ್ಲಳ್ರಿ.”

“ಪೇಪರಿನ್ಯಾಗ ಫೋಟೋ ಬಂದಾಕಿ? ನೀಲಾ ಆಕೀಗೂ ಬೈತಾಳಂತ!”

“ಅದಕ್ಕ ಬೇಕಂತ್ರಿ. ಸವಿತಾ ತಪ್ಪಿದ್ರೂ ಉಳದವರು ಚಪ್ಪಾಳಿ ತಟ್ತಾರ. ‘ನಿಂತು ಏನ್ ನೋಡ್ತಿ, ಓಡಲೇ’ ಅನ್ನಾಕಿ ನೀಲಾ ಒಬ್ಬಾಕಿನ.”

“ನಾವು ಬಿರುಸಿನ ಹೋರಿನ್ನ ಹಳೇ ಎತ್ತಿನ ಜೋಡಿ ಹೂಡಿ ಪಳಗಸ್ತೇವ್ರಿ.”

“ಇಲ್ಲೆ ಉಲ್ಟಾ ಆಗೇದ್ರಿ. ಹೋರಿನ ಎತ್ತಿಗೆ ಓಡೂದು ಕಲಸ್ಯದ!”

“ಆ ಸಿಟ್ಟು ಅವರವ್ವಂದ್ರಿ. ನಾ ಅಗದಿ ಶಾಂತ.”

ಅಷ್ಟರಲ್ಲಿ ಅವರ ಬಸ್ಸು ನಿಲ್ಲದೆ ಮುಂದೆ ಹೋಯಿತು.

“ಏ ಡ್ರೈವರಾ! ಕಣ್ಣು ಕಾಣ್ಸೂದಿಲ್ಲೇನಲೇ?” ರೈತ ಗುಡುಗಿದ.

ಬಸ್ಸು ಗಕ್ಕನೆ ನಿಂತಿತು. ಇಬ್ಬರೂ ಓಡಿದರು, ಟೀಚರ್ ಮಾತ್ರ ನಗು ತಡೆಯಲಾಗದೆ ಹಿಂದೆ ಬಿದ್ದರು.